ಮತ್ಸುಯೆಯ ಇಂಗ್ಲಿಷ್ ಮೇಷ್ಟರು

ಪರದೇಶಕ್ಕೆ ಹೋಗಿ ಪಾಠ ಹೇಳುವವರಲ್ಲಿ ಎರಡು ಬಗೆಯವರುಂಟು. ಹೋದ ನಾಡಿನಲ್ಲಿಯೂ ತಮ್ಮ ನಾಡಿನ ಒಂದು ಕೋಣೆಯನ್ನು ಕಟ್ಟಿಕೊಂಡು, ಅದರ ಕಿಟಕಿಯನ್ನೂ ತೆರೆಯದೆ, ಕರಾರಿನ ಅವಧಿ ಮುಗಿದೊಡನೆ ಹಡಗು ಹತ್ತುವವರು ಮೊದಲನೆಯವರು. ಅವರ ಸಂಖ್ಯೆಯೇ ಹೆಚ್ಚು. ಕಲಿಸಲು ಹೋಗಿ ಕಲಿಯಲು ಕುಳಿತವರು ಎರಡನೆಯವರು. ಈ ಎರಡನೆಯ ಪಂಗಡದಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಲಫ್ಕಾಡಿಯೊ ಹರ್ನನ ಬಳಿ. ಆತನ ‘ಕ್ವೈದಾನ್’ ಎಂಬ ದೆವ್ವದ ಕಥೆಗಳ ಸಂಗ್ರಹವನ್ನು ಇಂಗ್ಲಿಷ್ ಬಲ್ಲ ಓದುಗರು ಬಲ್ಲರು; 1960ರ ದಶಕದಲ್ಲಿ ಅದು ಚಲನಚಿತ್ರವಾಗಿಯೂ ಹೆಸರು ಪಡೆಯಿತು. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಕಥೆಗಾರ ಹರ್ನನ ವಿಷಯವನ್ನಲ್ಲ. 1890ರ ಚಳಿಗಾಲದಲ್ಲಿ ಜಪಾನಿನ ಒಂದು ಮೂಲೆಯ ಊರಿನಲ್ಲಿ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ, ನಲವತ್ತು ವರ್ಷದ, ಒಂಟಿಗಣ್ಣಿನ ಮೇಷ್ಟರ ವಿಷಯವನ್ನು. ಅಲೆಮಾರಿಯಾದ ಒಬ್ಬ ಪತ್ರಿಕಾಬರಹಗಾರನನ್ನು ಸಂಸಾರಿಯನ್ನಾಗಿಯೂ, ಜಪಾನಿನ ಮನೆಯ ಮಗನನ್ನಾಗಿಯೂ ಮಾಡಿದ್ದು ಆ ಒಂದು ಚಳಿಗಾಲವೇ ಎಂದು ನನ್ನ ನಂಬಿಕೆ.

ಆ ಊರನ್ನು ಮುಟ್ಟುವುದಕ್ಕೆ ಮೊದಲು ಹರ್ನನು ನಡೆದ ದಾರಿ ಸಣ್ಣದಲ್ಲ. ಆತ ಹುಟ್ಟಿದ್ದು 1850ರ ಜೂನ್ 27ರಂದು, ಗ್ರೀಸಿನ ಪಶ್ಚಿಮ ತೀರದ ಲೆಫ್ಕಾದಾ ದ್ವೀಪದಲ್ಲಿ. ಲಫ್ಕಾಡಿಯೊ ಎಂಬ ಹೆಸರು ಆ ದ್ವೀಪದ್ದೇ. ತಾಯಿ ರೋಸಾ ಗ್ರೀಕಳು. ತಂದೆ ಚಾರ್ಲ್ಸ್ ಹರ್ನ್ ಬ್ರಿಟಿಷ್ ಸೈನ್ಯದಲ್ಲಿ ವೈದ್ಯನಾಗಿದ್ದ ಐರಿಶ್ ಮನುಷ್ಯ. ಮಗು ಎರಡು ವರ್ಷದ್ದಾಗಿದ್ದಾಗ ತಾಯಿ ಮಕ್ಕಳಿಬ್ಬರೂ ಡಬ್ಲಿನ್ನಿಗೆ ಬಂದರು. ಭಾಷೆ ತಿಳಿಯದ, ಬಿಸಿಲು ಕಾಣದ ಆ ಊರಿನಲ್ಲಿ ರೋಸಾ ಬಾಳಲಾರದೆ 1854ರಲ್ಲಿ ಗ್ರೀಸಿಗೆ ಹಿಂದಿರುಗಿದಳು. ಮಗ ಆಕೆಯನ್ನು ಮತ್ತೆ ಕಾಣಲಿಲ್ಲ. ಮದುವೆಯ ಪತ್ರಕ್ಕೆ ಆಕೆಯ ಸಹಿಯಿಲ್ಲವೆಂಬ ನೆಪದಿಂದ ತಂದೆ ಆ ಮದುವೆಯನ್ನೇ ಅಸಿಂಧುವೆನ್ನಿಸಿ, ಬೇರೊಬ್ಬಳನ್ನು ಮದುವೆಯಾಗಿ, ಆಕೆಯೊಡನೆ ನಮ್ಮ ಸಿಕಂದರಾಬಾದಿನ ದಂಡಿಗೆ ಬಂದನು. ಹುಡುಗ ಡಬ್ಲಿನ್ನಿನಲ್ಲಿ ತಂದೆಯ ದೊಡ್ಡಮ್ಮನೊಬ್ಬಳ ಆಶ್ರಯದಲ್ಲಿ ಉಳಿದನು. 1866ರಲ್ಲಿ ಭಾರತದಿಂದ ಮರಳುತ್ತಿದ್ದ ತಂದೆ ಸೂಯೆಜ್ಜಿನ ಬಳಿ ಹಡಗಿನಲ್ಲಿಯೇ ತೀರಿಕೊಂಡನು. ಅದೇ ವರ್ಷ ಇಂಗ್ಲೆಂಡಿನ ವಸತಿಶಾಲೆಯಲ್ಲಿ ಆಟವಾಡುವಾಗ ಹಗ್ಗದ ಗಂಟು ಬಡಿದು ಹುಡುಗನ ಎಡಗಣ್ಣು ಹೋಯಿತು. ಆಮೇಲೆ ತೆಗೆಸಿಕೊಂಡ ಭಾವಚಿತ್ರಗಳಲ್ಲೆಲ್ಲ ಆತ ಮುಖದ ಎಡಭಾಗವನ್ನು ಮರೆಮಾಡಿಯೇ ನಿಂತಿದ್ದಾನೆ.

ದೊಡ್ಡಮ್ಮನ ಆಸ್ತಿ ಕರಗಿದ ಮೇಲೆ, 1869ರಲ್ಲಿ, ಹತ್ತೊಂಬತ್ತು ವರ್ಷದ ಈ ತಬ್ಬಲಿಯನ್ನು ಅಮೆರಿಕಕ್ಕೆ ಸಾಗಹಾಕಿದರು. ಸಿನ್ಸಿನಾಟಿ ನಗರದಲ್ಲಿ ಹೆನ್ರಿ ವಾಟ್ಕಿನ್ ಎಂಬ ಮುದ್ರಕನು ಆತನಿಗೆ ಕೆಲಸವನ್ನೂ, ಅಂಗಡಿಯ ಕಾಗದದ ಚೂರುಗಳ ಮೇಲೆ ಮಲಗಲು ಜಾಗವನ್ನೂ ಕೊಟ್ಟನು. ಮುಂದೆ ಪತ್ರಿಕೆಯ ವರದಿಗಾರನಾಗಿ ಹೆಸರಾದನು. 1874ರಲ್ಲಿ ಮ್ಯಾಟಿ ಫೋಲಿ ಎಂಬ, ಗುಲಾಮಗಿರಿಯಲ್ಲಿ ಹುಟ್ಟಿದ ಹೆಣ್ಣನ್ನು ಮದುವೆಯಾದನು. ಬಿಳಿಯರಿಗೂ ಕರಿಯರಿಗೂ ಮದುವೆ ಕೂಡದೆಂಬುದು ಒಹಾಯೊ ಪ್ರಾಂತದ ಅಂದಿನ ಕಾನೂನು. ಸುದ್ದಿ ಹೊರಬಿದ್ದಾಗ ಕೆಲಸ ಹೋಯಿತು. ಮದುವೆಯೂ ಬಹುಕಾಲ ನಿಲ್ಲಲಿಲ್ಲ. 1877ರಲ್ಲಿ ಆತ ಆಕೆಯನ್ನು ಬಿಟ್ಟು ನ್ಯೂ ಆರ್ಲಿಯನ್ಸಿಗೆ ನಡೆದನು. ತಂದೆ ತಾಯಿಗೆ ಮಾಡಿದ್ದನ್ನು ಮಗ ಹೆಂಡತಿಗೆ ಮಾಡಿದನೆಂದು ಹೇಳಿದರೆ ಅದು ಕಠಿನವಾದೀತು, ಆದರೆ ಸುಳ್ಳಾಗಲಾರದು. ಹರ್ನನ ಅಭಿಮಾನಿಗಳು ಈ ಪ್ರಸಂಗವನ್ನು ಬೇಗ ದಾಟಿಬಿಡುತ್ತಾರೆ. ಮುಂದಿನದು ಅರ್ಥವಾಗಬೇಕಾದರೆ ಇಲ್ಲಿ ಒಂದು ಗಳಿಗೆ ನಿಲ್ಲಬೇಕೆಂದು ನನಗೆ ತೋರುತ್ತದೆ.

ನ್ಯೂ ಆರ್ಲಿಯನ್ಸಿನಲ್ಲಿ ಹತ್ತು ವರ್ಷ, ಆಮೇಲೆ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಸುಮಾರು ಎರಡು ವರ್ಷ, ಆತ ಬರೆದು ಬದುಕಿದನು. ಎರಡೂ ಬಿಸಿಲಿನ ಊರುಗಳು. ಈ ಕಾಲದಲ್ಲಿಯೇ, 1884ರಲ್ಲಿ, ಪೂರ್ವದೇಶಗಳ ಕಥೆಗಳನ್ನು ತನ್ನ ಮಾತಿನಲ್ಲಿ ಹೇಳಿದ ಒಂದು ಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ಸುಂದೋಪಸುಂದರ ಕೇಡಿಗಾಗಿ ಸೃಷ್ಟಿಯಾದ ನಮ್ಮ ತಿಲೋತ್ತಮೆಯ ಕಥೆಯಿದೆ. ಹೆಣವನ್ನು ಹೊಕ್ಕು ಕಥೆ ಹೇಳುವ ಬೇತಾಳನೂ ಇದ್ದಾನೆ. ತಂದೆ ದಂಡಿನ ವೈದ್ಯನಾಗಿ ಕಂಡ ಭಾರತವನ್ನು ಮಗ ಹೀಗೆ ಪುಸ್ತಕಗಳ ಮೂಲಕ, ಬೇರೆ ಕಣ್ಣಿನಿಂದ ಕಂಡನು.

1890ರ ಏಪ್ರಿಲ್ 4ರಂದು ಹರ್ನನು ಯೊಕೊಹಾಮ ಬಂದರಿನಲ್ಲಿ ಇಳಿದನು. ಬಂದದ್ದು ಅಮೆರಿಕದ ಒಂದು ಪ್ರಕಾಶನ ಸಂಸ್ಥೆಗೆ ಲೇಖನಗಳನ್ನು ಬರೆಯಲೆಂದು. ಕೆಲವೇ ದಿನಗಳಲ್ಲಿ ಅವರೊಡನೆ ಜಗಳವಾಡಿ ಆ ಸಂಬಂಧವನ್ನು ಕಡಿದುಕೊಂಡನು. ಕೈಯಲ್ಲಿ ಹಣವಿಲ್ಲ, ಜಪಾನೀ ಭಾಷೆ ಬಾರದು. ಟೋಕಿಯೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಬೇಸಿಲ್ ಹಾಲ್ ಚೇಂಬರ್ಲೆನ್ ಮತ್ತು ವಿದ್ಯಾ ಇಲಾಖೆಯ ಹತ್ತೊರಿ ಇಚಿಜೊ ಇವರ ನೆರವಿನಿಂದ ಶಿಮಾನೆ ಪ್ರಾಂತದ ಮತ್ಸುಯೆ ಎಂಬ ಊರಿನಲ್ಲಿ, ಮಾಧ್ಯಮಿಕ ಶಾಲೆ ಮತ್ತು ಶಿಕ್ಷಕರ ತರಬೇತಿ ಶಾಲೆಗಳಿಗೆ ಇಂಗ್ಲಿಷ್ ಅಧ್ಯಾಪಕನ ಕೆಲಸ ದೊರೆಯಿತು. ಸಂಬಳ ತಿಂಗಳಿಗೆ 100 ಯೆನ್. ಆ ಊರಿನ ಮಟ್ಟಿಗೆ ಅದು ದೊಡ್ಡ ಮೊತ್ತ. ಮತ್ಸುಯೆಗೆ ಆಗ ರೈಲಿರಲಿಲ್ಲ. ಮನುಷ್ಯರು ಎಳೆಯುವ ರಿಕ್ಷಾದಲ್ಲಿ ಬೆಟ್ಟಗಳನ್ನು ದಾಟಿ, ಕಡೆಗೆ ಸಣ್ಣ ಉಗಿದೋಣಿಯಲ್ಲಿ ಪಯಣಿಸಿ, ಆಗಸ್ಟ್ 30ರಂದು ಹರ್ನನು ಊರನ್ನು ಮುಟ್ಟಿದನು. ಕರಾರುಪತ್ರದಲ್ಲಿ ಜಪಾನೀ ಲಿಪಿಗೆ ಸಿಕ್ಕಿ ಆತನ ಹೆಸರು ಹೆರುನ್ ಎಂದಾಯಿತು. ಊರವರಿಗೆಲ್ಲ ಆತ ಹೆರುನ್ ಸಾನ್ ಆದನು. ಆತನಿಗೂ ಅದು ಹಿತವಾಯಿತು.

ಶಿಂಜಿ ಸರೋವರ, ಅದರಿಂದ ಹೊರಡುವ ಓಹಾಶಿ ನದಿ, ಹದಿನೇಳನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಮರದ ಕೋಟೆ, ಇವುಗಳ ನಡುವಿನ ಹಳೆಯ ಊರು ಮತ್ಸುಯೆ. ಹತ್ತಿರದಲ್ಲಿಯೇ ಇಜುಮೊ ಮಹಾದೇವಾಲಯ. ಚಾಂದ್ರಮಾನದ ಹತ್ತನೆಯ ತಿಂಗಳಿನಲ್ಲಿ ಜಪಾನಿನ ದೇವರುಗಳೆಲ್ಲ ಅಲ್ಲಿ ಸಭೆ ಸೇರುತ್ತಾರೆಂದು ಜನರ ನಂಬಿಕೆ. ಹರ್ನನು ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋದನು. ಅದರ ಒಳಗುಡಿಯನ್ನು ಪ್ರವೇಶಿಸಲು ಅನುಮತಿ ಪಡೆದ ಮೊದಲನೆಯ ಪಾಶ್ಚಾತ್ಯನು ಆತನೇ. ನದಿಯ ದಂಡೆಯ ಛತ್ರದಲ್ಲಿ ಇಳಿದಿದ್ದವನನ್ನು ಬೆಳಗಿನಲ್ಲಿ ಎಬ್ಬಿಸುತ್ತಿದ್ದುದು ಒರಳಿನಲ್ಲಿ ಅಕ್ಕಿ ಕುಟ್ಟುವ ಸದ್ದು. ಆಮೇಲೆ ಗುಡಿಯ ಗಂಟೆ, ಮೂಡುವ ಸೂರ್ಯನಿಗೆ ಕೈತಟ್ಟಿ ನಮಿಸುವ ಜನರ ಚಪ್ಪಾಳೆ, ಸೇತುವೆಯ ಮೇಲೆ ಮರದ ಪಾದುಕೆಗಳ ಟಕಟಕ. ಆ ಛತ್ರದಲ್ಲಿ ಕೆಲಸ ಮಾಡುವ ಹುಡುಗಿಗೆ ಕಣ್ಣುಬೇನೆಯಿತ್ತು. ಯಜಮಾನನು ಅದನ್ನು ಲಕ್ಷಿಸಲಿಲ್ಲವೆಂದು ಹರ್ನನು ಸಿಟ್ಟಾದನು. ತಾನೇ ಹಣ ಕೊಟ್ಟು ಚಿಕಿತ್ಸೆ ಮಾಡಿಸಿದನು. ಬಳಿಕ ಆ ಛತ್ರವನ್ನೇ ಬಿಟ್ಟು ಸರೋವರದ ಕಡೆಗೆ ಮುಖವಿದ್ದ ಒಂದು ಪುಟ್ಟ ಮನೆಗೆ ಹೋದನು. ಒಂದು ಕಣ್ಣನ್ನು ಕಳೆದುಕೊಂಡವನಿಗೆ ಇನ್ನೊಬ್ಬರ ಕಣ್ಣಿನ ಬೆಲೆ ತಿಳಿದಿತ್ತು.

ಶಾಲೆಯಲ್ಲಿ ಹುಡುಗರು ಇಂಗ್ಲಿಷನ್ನು ಓದಬಲ್ಲವರಾಗಿದ್ದರು, ಕೇಳಿ ತಿಳಿಯಲಾರರು. ಹರ್ನನು ನಿಧಾನವಾಗಿ ಮಾತಾಡಿ, ಕಷ್ಟದ ಮಾತನ್ನು ಕಪ್ಪುಹಲಗೆಯ ಮೇಲೆ ಬರೆದು ಪಾಠ ನಡೆಸುತ್ತಿದ್ದನು. ಮುಖ್ಯಾಧ್ಯಾಪಕ ನಿಶಿದಾ ಸೆಂತಾರೊ ಆತನ ಬಲಗೈ ಆದನು. ಕ್ಷಯದಿಂದ ಬಳಲುತ್ತಿದ್ದ ಈ ಸಜ್ಜನನು ಶಾಲೆಯಲ್ಲಿ ದುಭಾಷಿ, ಊರಿನಲ್ಲಿ ದಾರಿತೋರುಗ, ಮನೆಯ ವಿಷಯಗಳಲ್ಲಿ ಸಲಹೆಗಾರ. 1897ರಲ್ಲಿ ಆತ ತೀರಿಕೊಳ್ಳುವವರೆಗೂ ಹರ್ನನಿಗೆ ಅಂಥ ಗೆಳೆಯನು ಮತ್ತೊಬ್ಬನಿರಲಿಲ್ಲ. ಹರ್ನನು ಪ್ರಬಂಧಕ್ಕೆ ಕೊಡುತ್ತಿದ್ದ ವಿಷಯಗಳು ಹುಡುಗರ ಬದುಕಿನಿಂದ ಬಂದವು: ಚಂದ್ರ, ಸೊಳ್ಳೆ, ದೆವ್ವ, ಮನುಷ್ಯನ ನೆನಪಿನಲ್ಲಿ ಬಹುಕಾಲ ಉಳಿಯುವುದು ಯಾವುದು ಎಂಬ ಪ್ರಶ್ನೆ. ವ್ಯಾಕರಣದ ತಪ್ಪನ್ನು ತಿದ್ದುತ್ತಾ ಆತ ಆ ತಪ್ಪಿನ ಹಿಂದಿನ ಮನಸ್ಸನ್ನು ಓದುತ್ತಿದ್ದನು. ಸಂಜೆ ಹುಡುಗರು ಮೇಷ್ಟರ ಮನೆಗೆ ಬರುವರು. ಬಾಗಿಲಲ್ಲಿ ಪಾದರಕ್ಷೆ ಕಳಚಿ, ಬಾಗಿ ವಂದಿಸಿ, ಚಾಪೆಯ ಮೇಲೆ ಕುಳಿತು, ತಮ್ಮ ಮನೆಯ ಹಳೆಯ ಚಿತ್ರಪಟಗಳನ್ನು ಬಿಚ್ಚಿ ತೋರಿಸುವರು. ಆ ಹೊತ್ತಿನಲ್ಲಿ ಗುರುಶಿಷ್ಯರ ಸ್ಥಾನ ಅದಲುಬದಲಾಗುತ್ತಿತ್ತು.

ಆಗ ಚಳಿಗಾಲ ಬಂದಿತು. ಜಪಾನಿನ ಪಶ್ಚಿಮ ಕರಾವಳಿಯ ಚಳಿ ಎಲ್ಲ ಚಳಿಯಂತಲ್ಲ. ಸೈಬೀರಿಯದಿಂದ ಹೊರಟ ಒಣಗಾಳಿ ಸಮುದ್ರವನ್ನು ದಾಟುವಾಗ ನೀರನ್ನು ಹೀರಿಕೊಂಡು, ದಡದ ಬೆಟ್ಟಗಳಿಗೆ ಬಡಿದು, ಅದನ್ನೆಲ್ಲ ಹಿಮವಾಗಿ ಸುರಿಸುತ್ತದೆ. ಆ ವರ್ಷದ ಹಿಮ ಊರಿನವರಿಗೂ ಹೆಚ್ಚೆನಿಸುವಂತಿತ್ತು. ಮನೆಯ ಗೋಡೆಗಳೆಂದರೆ ಜಾರುವ ಮರದ ಚೌಕಟ್ಟು, ಅದಕ್ಕೆ ಅಂಟಿಸಿದ ಕಾಗದ. ಬೆಚ್ಚಗಿಡಲು ಬೂದಿಯಲ್ಲಿ ಹುಗಿದ ನಾಲ್ಕು ಕೆಂಡದ ಒಂದು ಅಗ್ಗಿಷ್ಟಿಕೆ. ಅದು ಅಂಗೈಯನ್ನು ಕಾಯಿಸೀತೇ ಹೊರತು ಕೋಣೆಯನ್ನಲ್ಲ. ಹದಿಮೂರು ವರ್ಷಗಳಿಂದ ಬಿಸಿಯ ನಾಡುಗಳಲ್ಲಿ ಮೈ ಒಗ್ಗಿಸಿಕೊಂಡವನು ಹರ್ನ್. ಜನವರಿಯಲ್ಲಿ ಎದೆಯ ಬೇನೆ ಹಿಡಿದು ಹಾಸಿಗೆ ಸೇರಿದನು. ಇಂಥ ಇನ್ನು ಕೆಲವು ಚಳಿಗಾಲಗಳು ತನ್ನನ್ನು ಮಣ್ಣಿಗೆ ಸೇರಿಸುವುವೆಂದು ಚೇಂಬರ್ಲೆನ್ನನಿಗೆ ಬರೆದ ಕಾಗದಗಳಲ್ಲಿ ಅಳಲಿದನು.

ಪರದೇಶದಲ್ಲಿ ಒಂಟಿಯಾಗಿ ಬೇನೆ ಬೀಳುವುದೆಂದರೇನೆಂಬುದನ್ನು ಬಿದ್ದವರೇ ಬಲ್ಲರು. ಹೊರಗೆ ಹಿಮ ಸದ್ದಿಲ್ಲದೆ ಬೀಳುತ್ತದೆ. ಒಳಗೆ ಬಾಯಾರಿಕೆಯೆನ್ನಲೂ ಬೇರೆ ಭಾಷೆಯ ಮಾತನ್ನು ಹುಡುಕಬೇಕು. ಆ ದಿನಗಳಲ್ಲಿ ಪ್ರಾಂತಾಧಿಕಾರಿ ಕೊತೆದಾನ ಮಗಳು, ವಿದೇಶೀ ಮೇಷ್ಟರಿಗೆ ಬೇಸರವಾದೀತೆಂದು, ಉಗುಯಿಸು ಎಂಬ ಹಾಡುಹಕ್ಕಿಯನ್ನು ಪಂಜರದಲ್ಲಿ ಕಳುಹಿಸಿಕೊಟ್ಟಳು. ಆ ಹಕ್ಕಿಯ ಕೂಗು ಜಪಾನೀಯರ ಕಿವಿಗೆ ಹೊಕ್ಕೆಕ್ಯೊ ಎಂದು ಕೇಳುತ್ತದೆ; ಅದು ಸದ್ಧರ್ಮಪುಂಡರೀಕ ಸೂತ್ರಕ್ಕೆ ಅವರಿಟ್ಟ ಹೆಸರು. ನಮ್ಮ ನಾಡಿನಲ್ಲಿ ಸಂಸ್ಕೃತದಲ್ಲಿ ಹುಟ್ಟಿದ ಗ್ರಂಥವೊಂದರ ಹೆಸರನ್ನು ಹಿಮದೂರಿನ ಹಕ್ಕಿಯೊಂದು ಗ್ರೀಕ್ ತಾಯಿಯ ಮಗನಿಗೆ ದಿನವೂ ಹೇಳಿತು. ಇದನ್ನು ನೆನೆದಾಗಲೆಲ್ಲ ನನಗೆ ಜಗತ್ತು ಚಿಕ್ಕದೆನಿಸುತ್ತದೆ.

ಮನೆ ನೋಡಿಕೊಳ್ಳಲು ಯಾರಾದರೂ ಬೇಕಾಯಿತು. 1891ರ ಆರಂಭದಲ್ಲಿ ಕೊಯಿಜುಮಿ ಸೆತ್ಸು ಎಂಬ ತರುಣಿ ಬಂದಳು. ಸಮುರಾಯಿ ಮನೆತನದ ಹೆಣ್ಣು, ವಯಸ್ಸು ಇಪ್ಪತ್ತಮೂರು. 1868ರ ರಾಜ್ಯಪರಿವರ್ತನೆಯಿಂದ ಸಮುರಾಯಿಗಳ ಉಂಬಳಿಗಳು ಹೋಗಿ, ಆಕೆಯ ಹೆತ್ತ ಮನೆಯೂ ದತ್ತು ಹೋದ ಮನೆಯೂ ಬಡವಾಗಿದ್ದುವು. ಮದುವೆಯಾದ ಗಂಡ ಬಿಟ್ಟುಹೋಗಿದ್ದನು. ಬಟ್ಟೆ ನೇಯ್ದು ಹಿರಿಯರನ್ನು ಸಾಕುತ್ತಿದ್ದಳು. ಬಿಟ್ಟುಹೋದ ತಾಯಿಯ ಮಗ, ಗಂಡ ಬಿಟ್ಟ ಹೆಣ್ಣು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆ ಅಗ್ಗಿಷ್ಟಿಕೆಯ ಎರಡು ಬದಿಯಲ್ಲಿ ಕುಳಿತು ಇಬ್ಬರೂ ಸಂಸಾರ ಹೂಡಿದರು. ಜಪಾನೀಯರಂತೆಯೇ ಉಂಡು ಬಾಳುವೆನೆಂದು ಹಟ ಹಿಡಿದಿದ್ದ ಹರ್ನನು ಬೇನೆಯ ನಂತರ ಸೋತು ಮಾಂಸಕ್ಕೂ ಮೊಟ್ಟೆಗೂ ಹಿಂದಿರುಗಿದನು. ಬೇಸಿಗೆಯಲ್ಲಿ ಕೋಟೆಯ ಕಂದಕದ ಬದಿಯ ಕಿತಬೊರಿ ಬೀದಿಯಲ್ಲಿ ಒಂದು ಹಳೆಯ ಸಮುರಾಯಿ ಮನೆಯನ್ನು, ಅದರ ತೋಟದೊಡನೆ, ಬಾಡಿಗೆಗೆ ಹಿಡಿದರು. ಆ ಮನೆಯನ್ನು ಜಪಾನೀಯರು ಈಗಲೂ ಕಾಪಾಡಿಕೊಂಡು ಬಂದಿದ್ದಾರೆ.

ಆದರೆ ಹರ್ನನ ಅಧ್ಯಾಪನದಲ್ಲಿ ಒಂದು ಮುಳ್ಳಿತ್ತು. ಆತ ಪ್ರೀತಿಸಿದ್ದು ಹಳೆಯ ಜಪಾನನ್ನು. ಆತನಿಗೆ ಸಂಬಳ ಬರುತ್ತಿದ್ದುದು ಹೊಸ ಜಪಾನನ್ನು ತಯಾರಿಸುವುದಕ್ಕೆ. ಸರ್ಕಾರಕ್ಕೆ ಬೇಕಾಗಿದ್ದುದು ಯಂತ್ರ, ನೌಕೆ, ಕಾನೂನುಗಳ ಬೀಗ ತೆರೆಯುವ ಇಂಗ್ಲಿಷ್. ಹುಡುಗರು ತೆಳುವಾದ ಬಟ್ಟೆಯಲ್ಲಿ, ಅನ್ನ ಮತ್ತು ಸೋಯಾ ಗಿಣ್ಣಿನ ಊಟದ ಮೇಲೆ, ಕೊರೆಯುವ ಕೋಣೆಗಳಲ್ಲಿ ಕುಳಿತು ಪಾಶ್ಚಾತ್ಯ ವಿದ್ಯೆಯ ಭಾರವನ್ನು ಹೊರುತ್ತಿದ್ದರು. ಕೆಲವರು ಆ ಭಾರದಡಿಯಲ್ಲಿ ಕುಸಿದರು. ಯೊಕೊಗಿ ಎಂಬ ಶಿಷ್ಯ ಬಡಗಿಯ ಮಗ. ಬುದ್ಧಿವಂತನೆಂದು ಒಬ್ಬ ಸಿರಿವಂತನು ಓದಿಸುತ್ತಿದ್ದನು. ಆ ಹುಡುಗ ಬೇನೆ ಬಿದ್ದನು. ಸಾಯುವ ಮುನ್ನ ಶಾಲೆಯನ್ನೊಮ್ಮೆ ನೋಡಬೇಕೆಂಬುದು ಆತನ ಆಸೆ. ಆಳು ರಾತ್ರಿಯಲ್ಲಿ ಆತನನ್ನು ಬೆನ್ನ ಮೇಲೆ ಹೊತ್ತು ತಂದು, ತರಗತಿಯ ಕಿಟಕಿಯಿಂದ ಒಳಗೆ ತೋರಿಸಿ ಮರಳಿ ಕರೆದೊಯ್ದನು. ಹುಡುಗ ಸಮಾಧಾನದಿಂದ ಕಣ್ಣು ಮುಚ್ಚಿದನು. ಹರ್ನನು ಇದನ್ನು 1894ರ ತನ್ನ ಮೊದಲ ಜಪಾನ್ ಪುಸ್ತಕದಲ್ಲಿ, ಇಂಗ್ಲಿಷ್ ಅಧ್ಯಾಪಕನ ದಿನಚರಿಯೆಂಬ ಅಧ್ಯಾಯದಲ್ಲಿ, ಹೇಳಿದ್ದಾನೆ. ವಿದ್ಯೆಯ ಮಹಿಮೆಯೆಂದು ಅದನ್ನು ಓದಬಹುದು. ತರಗತಿಯಲ್ಲಿ ಕೂದಲು ನರೆಸಿಕೊಂಡವರಲ್ಲಿ ನಾನೂ ಒಬ್ಬ. ನನಗೆ ಅದು ಮಹಿಮೆಗಿಂತ ಹೆಚ್ಚಾಗಿ ಹೊಣೆಯಾಗಿ ಕಾಣುತ್ತದೆ. ನಾವು ಕಲಿಸುವ ಪಾಠಕ್ಕೆ ಮಕ್ಕಳು ಏನನ್ನು ತೆರುತ್ತಾರೆಂಬ ಲೆಕ್ಕವನ್ನು ಯಾವ ಇಲಾಖೆಯೂ ಇಡುವುದಿಲ್ಲ. ಹರ್ನನು ಇಟ್ಟನು.

ಇನ್ನೊಂದು ಚಳಿಗಾಲವನ್ನು ಮತ್ಸುಯೆಯಲ್ಲಿ ಕಳೆಯುವ ಧೈರ್ಯ ಆತನಿಗೆ ಬರಲಿಲ್ಲ. ದಕ್ಷಿಣದ ಕುಮಾಮೊತೊ ನಗರದ ಸರ್ಕಾರೀ ಕಾಲೇಜಿನಲ್ಲಿ ತಿಂಗಳಿಗೆ 200 ಯೆನ್ ಸಂಬಳದ ಕೆಲಸ ಸಿಕ್ಕಿತು. 1891ರ ನವೆಂಬರ್ 15ರಂದು, ಶಿಷ್ಯರೂ ಸಹೋದ್ಯೋಗಿಗಳೂ ನದಿಯ ದಂಡೆಯಲ್ಲಿ ಸಾಲಾಗಿ ನಿಂತು ಬೀಳ್ಕೊಡಲು, ಹರ್ನನು ಉಗಿದೋಣಿ ಹತ್ತಿದನು. ಆ ಊರಿನಲ್ಲಿ ಇದ್ದದ್ದು ಒಂದು ವರ್ಷ ಎರಡೂವರೆ ತಿಂಗಳು ಮಾತ್ರ. ಕುಮಾಮೊತೊ ಆತನಿಗೆ ಹಿಡಿಸಲಿಲ್ಲ. ಅಲ್ಲಿಯ ಚಳಿಯೂ ಆತನು ಎಣಿಸಿದಷ್ಟು ಮೃದುವಾಗಿರಲಿಲ್ಲ. ಹುಡುಗರು ಬೆಳೆದವರು, ಬಿಗಿಮುಖದವರು, ಮೇಷ್ಟರ ಮನೆಗೆ ಚಿತ್ರಪಟ ತರುವವರಲ್ಲ. ಆದರೆ ಬಿಡುವಂತಿರಲಿಲ್ಲ. ಸೆತ್ಸುವಿನೊಡನೆ ಆಕೆಯ ದತ್ತು ತಂದೆತಾಯಿಗಳೂ ಮುದುಕ ಅಜ್ಜನೂ ಬಂದಿದ್ದರು. ಎಲ್ಲರ ಅನ್ನ ಒಬ್ಬನ ಸಂಬಳದಿಂದ. 1893ರ ನವೆಂಬರಿನಲ್ಲಿ ಮೊದಲ ಮಗ ಕಜುವೊ ಹುಟ್ಟಿದನು.

ಮಗ ಹುಟ್ಟಿದಾಗ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದುರು ನಿಂತಿತು. ಹರ್ನನು ಬ್ರಿಟಿಷ್ ಪ್ರಜೆ. ಬ್ರಿಟಿಷ್ ಕಾನೂನಿನಂತೆ ಮದುವೆಯನ್ನು ದಾಖಲು ಮಾಡಿಸಿದರೆ ಸೆತ್ಸು ತನ್ನ ದೇಶದ ಪ್ರಜೆಯಾಗಿ ಉಳಿಯುವುದಿಲ್ಲ. ಮಾಡಿಸದಿದ್ದರೆ ಆತನ ಮರಣಾನಂತರ ಹೆಂಡತಿಗೂ ಮಕ್ಕಳಿಗೂ ಹಕ್ಕಿಲ್ಲ. ಕಾಗದದ ಮೇಲೆ ಒಂದು ಸಹಿಯಿಲ್ಲವೆಂದು ತಾಯಿಯನ್ನು ಕಳೆದುಕೊಂಡ ಮಗನಿಗೆ ಕಾಗದದ ಬೆಲೆ ಗೊತ್ತಿತ್ತು. ವಿದೇಶೀಯನಾಗಿ ಉಳಿದಿದ್ದರೆ ವಿದೇಶೀಯರಿಗೆ ಸಲ್ಲುವ ದೊಡ್ಡ ಸಂಬಳದ ಭರವಸೆಯಿತ್ತು. ಅದು ಹೋದರೂ ಹೋಗಲೆಂದು 1896ರಲ್ಲಿ ಹೆಂಡತಿಯ ಮನೆತನಕ್ಕೆ ಸೇರಿ, ನಮ್ಮ ಕಡೆ ಹೇಳುವಂತೆ ಮನೆಯಳಿಯನಾಗಿ, ಜಪಾನೀ ಪ್ರಜೆಯಾದನು. ಹೊಸ ಹೆಸರು ಕೊಯಿಜುಮಿ ಯಾಕುಮೊ. ಯಾಕುಮೊ ಎಂದರೆ ಎಂಟು ಮುಗಿಲು. ಪುರಾತನ ಕಾವ್ಯದಲ್ಲಿ ಇಜುಮೊ ಪ್ರಾಂತಕ್ಕೆ ಹತ್ತಿದ ವಿಶೇಷಣ. ಸಿನ್ಸಿನಾಟಿಯಲ್ಲಿ ಬಿಟ್ಟುಬಂದ ಹೆಣ್ಣಿನ ಋಣ ಇದರಿಂದ ತೀರಿತೆಂದು ನಾನು ಹೇಳುವುದಿಲ್ಲ. ಅಂಥ ಋಣ ಇನ್ನೊಬ್ಬರಿಗೆ ಕೊಟ್ಟು ತೀರುವಂಥದಲ್ಲ. ಆದರೆ ತಂದೆ ಹೋದ ದಾರಿಯಲ್ಲಿ ಆತ ಎರಡನೆಯ ಸಲ ಹೋಗಲಿಲ್ಲ.

ಅದೇ ವರ್ಷ ಟೋಕಿಯೋ ಚಕ್ರಾಧಿಪತ್ಯದ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕನಾದನು. ಅಲ್ಲಿ ಆತನ ಉಪನ್ಯಾಸಗಳು ಎಷ್ಟು ನಿಧಾನ, ಎಷ್ಟು ಸರಳವಾಗಿರುತ್ತಿದ್ದುವೆಂದರೆ, ವಿದ್ಯಾರ್ಥಿಗಳು ಅವನ್ನು ಮಾತುಮಾತಿಗೆ ಬರೆದುಕೊಂಡರು. ಆತ ತೀರಿಕೊಂಡ ಮೇಲೆ, 1915ರಲ್ಲಿ, ಆ ಬರಹಗಳೇ ಪುಸ್ತಕಗಳಾಗಿ ಹೊರಬರತೊಡಗಿದುವು. ಇಂಗ್ಲಿಷ್ ಕವಿಗಳನ್ನು ಓದಿ ಇಂಗ್ಲಿಷಿನಲ್ಲಿ ಬರೆಯಿರೆಂದು ಆತ ಶಿಷ್ಯರಿಗೆ ಹೇಳಲಿಲ್ಲ. ಓದಿದ್ದನ್ನು ಅರಗಿಸಿಕೊಂಡು ತಮ್ಮ ಜನರ ಆಡುಮಾತಿನಲ್ಲಿ ಜಪಾನಿಗೆ ಹೊಸ ಸಾಹಿತ್ಯವನ್ನು ಕಟ್ಟಿರೆಂದನು. ಕನ್ನಡಿಗರಿಗೆ ಇಲ್ಲಿ ಬೇರೊಂದು ಪ್ರಸಂಗ ನೆನಪಾಗದಿರದು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಶ್ ಕವಿ ಜೇಮ್ಸ್ ಕಸಿನ್ಸರಿಗೆ ಕುವೆಂಪು ಅವರು ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದಾಗ, ಕಸಿನ್ಸರು ಕನ್ನಡದಲ್ಲಿ ಬರೆಯುವಂತೆ ತಿಳಿಹೇಳಿದರಷ್ಟೆ. ಆ ಕಸಿನ್ಸರೂ 1919-20ರಲ್ಲಿ ಟೋಕಿಯೋದ ಕೇಯೊ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಕಲಿಸಿದವರು. ಅನ್ಯಭಾಷೆಯ ಅಧ್ಯಾಪಕನು ಶಿಷ್ಯನಿಗೆ ಕೊಡಬಹುದಾದ ದೊಡ್ಡ ಕಾಣಿಕೆ ಅವನನ್ನು ಅವನ ಭಾಷೆಗೆ ಹಿಂದಿರುಗಿಸುವುದೇ ಇರಬಹುದು.

1903ರಲ್ಲಿ ವಿಶ್ವವಿದ್ಯಾನಿಲಯ ಹರ್ನನ ಸೇವೆಯನ್ನು ಮುಕ್ತಾಯಗೊಳಿಸಿತು. ವಿದ್ಯಾರ್ಥಿಗಳು ಪ್ರತಿಭಟಿಸಿದರು, ಪ್ರಯೋಜನವಾಗಲಿಲ್ಲ. ಆತನ ಸ್ಥಾನಕ್ಕೆ ಬಂದವರಲ್ಲಿ ಒಬ್ಬನು ನತ್ಸುಮೆ ಸೊಸೆಕಿ. ಮುಂದೆ ಜಪಾನಿನ ಮಹಾ ಕಾದಂಬರಿಕಾರನಾದ ಈತನು ಲಂಡನ್ನಿನಲ್ಲಿ ಎರಡು ವರ್ಷ ಒಂಟಿತನದಿಂದ ಬೆಂದು ಬಂದಿದ್ದನು. ಇಂಗ್ಲಿಷ್ ಕಲಿಸಲು ಪೂರ್ವಕ್ಕೆ ಬಂದವನು ಮನೆ ಕಂಡನು. ಇಂಗ್ಲಿಷ್ ಕಲಿಯಲು ಪಶ್ಚಿಮಕ್ಕೆ ಹೋದವನು ಮನೆಯನ್ನು ನೆನೆದು ಕೊರಗಿದನು. 1904ರಲ್ಲಿ ಹರ್ನನು ವಸೇದಾ ವಿದ್ಯಾಸಂಸ್ಥೆಯನ್ನು ಸೇರಿದನು. ಅದೇ ವರ್ಷದ ಸೆಪ್ಟೆಂಬರ್ 26ರಂದು ಹೃದಯ ನಿಂತು ತೀರಿಕೊಂಡನು. ವಯಸ್ಸು ಐವತ್ತನಾಲ್ಕು. ಬೌದ್ಧವಿಧಿಯಂತೆ ಸಂಸ್ಕಾರವಾಯಿತು, ಸಮಾಧಿ ಟೋಕಿಯೋದ ಜೊಶಿಗಾಯದಲ್ಲಿದೆ.

ಹರ್ನನ ಜಪಾನು ಅರ್ಧ ಕನಸಿನದೆಂದು ಹೇಳುವ ವಿಮರ್ಶಕರಿದ್ದಾರೆ. ಆತ ಹದಿನಾಲ್ಕು ವರ್ಷ ಅಲ್ಲಿದ್ದರೂ ಜಪಾನೀ ಪತ್ರಿಕೆಯನ್ನು ಸರಾಗವಾಗಿ ಓದಲು ಕಲಿಯಲಿಲ್ಲವೆಂಬುದು ನಿಜವೇ. ಕಥೆಗಳನ್ನು ಆತನಿಗೆ ತಂದುಕೊಟ್ಟವಳು ಸೆತ್ಸು. ಹಳೆಯ ಪುಸ್ತಕಗಳ ಅಂಗಡಿಗಳನ್ನು ಸುತ್ತಿ, ಕಥೆಗಳನ್ನು ಓದಿ, ರಾತ್ರಿ ದೀಪ ಸಣ್ಣದು ಮಾಡಿ ಹೇಳುವಳು. ಪುಸ್ತಕ ನೋಡಿ ಹೇಳಕೂಡದು, ತನ್ನ ಮಾತಿನಲ್ಲಿ ಹೇಳಬೇಕೆಂಬುದು ಆತನ ನಿಯಮ. ದೃಷ್ಟಿ ಅಷ್ಟು ಮಂದವಾದ್ದರಿಂದ, ಕಾಗದ ಕಣ್ಣಿಗೆ ತಾಗುವಷ್ಟು ಎತ್ತರವಾಗಿ ಮಾಡಿಸಿಕೊಂಡ ಮೇಜಿನ ಮುಂದೆ ಕುಳಿತು, ಕೇಳಿದ್ದನ್ನು ಆತ ಇಂಗ್ಲಿಷಿನಲ್ಲಿ ಬರೆಯುವನು. ಹೀಗೆ ನೋಡಿದರೆ ‘ಕ್ವೈದಾನ್’ ಎರಡು ಕೈಗಳ ಕೃತಿ.

ಮದುವೆಯ ಮೊದಲ ವರ್ಷಗಳಲ್ಲಿ ಸೆತ್ಸು ಗಂಡನಿಂದ ಇಂಗ್ಲಿಷ್ ಕಲಿಯಲು ಹೊರಟು, ಕೇಳಿದ ಶಬ್ದಗಳನ್ನು ಕಿವಿಗೆ ಬಿದ್ದಂತೆಯೇ ಜಪಾನೀ ಅಕ್ಷರಗಳಲ್ಲಿ ಬರೆದಿಟ್ಟ ಟಿಪ್ಪಣಿಪುಸ್ತಕ ಉಳಿದು ಬಂದಿದೆ. ಆ ಪಾಠ ಬಹಳ ಮುಂದುವರಿಯಲಿಲ್ಲ. ಅದರ ಬದಲು ಇಬ್ಬರ ನಡುವೆ ಒಂದು ಮನೆಮಾತು ಬೆಳೆಯಿತು: ಜಪಾನೀ ಶಬ್ದಗಳೇ, ಆದರೆ ವಿಭಕ್ತಿಯಿಲ್ಲ, ಕ್ರಿಯಾಪದದ ರೂಪಭೇದವಿಲ್ಲ, ಶಬ್ದಗಳ ಕ್ರಮ ಹರ್ನನದು. ಮನೆಯವರು ಅದನ್ನು ಹೆರುನ್ ಸಾನನ ಭಾಷೆ ಎನ್ನುತ್ತಿದ್ದರು. ಎರಡು ವಿಶ್ವವಿದ್ಯಾಸಂಸ್ಥೆಗಳಲ್ಲಿ ಇಂಗ್ಲಿಷ್ ಕಲಿಸಿದ ಮೇಷ್ಟರು ಮನೆಯಲ್ಲಿ ಮಾತ್ರ ತಪ್ಪುತಪ್ಪಾದ ಜಪಾನಿಯಲ್ಲಿಯೇ ಕಡೆಯವರೆಗೂ ಮಾತಾಡಿದರು. ಮನೆಯಾಕೆ ಅದನ್ನು ತಿದ್ದಲಿಲ್ಲ.